ಮಗುವನ್ನು ವಯಸ್ಸಿನ ಹಂತ ನೋಡಿ ಬೆಳೆಸಬೇಕೇ?

ಪರ
ಗುದ್ದಿ ಹಣ್ಣು ಮಾಡಬೇಡಿ
(ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಂಡ್ಯ)

ಬೆಳೆಸಲೇಬೇಕು. ಮಗುವಿನ ತಲೆಯಲ್ಲಿ ಇನ್ನೂ ಮೂಡದೇ ಇರುವುದನ್ನು ಹೊಡೆದು ಬಡಿದು ಮೂಡಿಸಲು ಆಗುವುದಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ನಮಗೆ ತಿಳಿಸಿಕೊಟ್ಟಿದ್ದು ಇದನ್ನೇ. 1920ರ ಸುಮಾರಿಗೆ ಅವರು ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಯ ಕೆಲಸದಲ್ಲಿದ್ದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಉತ್ತರ ಕೊಡುವುದು ಅವರ ಕಣ್ಣಿಗೆ ಬಿತ್ತು. ಅಂದರೆ ಮಗು ದಡ್ಡ ಅಲ್ಲ, ಅದು ಯೋಚಿಸುವ ರೀತಿಯೇ ಬೇರೆ. ಇದೊಂದು ಗೊತ್ತಿದ್ದಿದ್ದರೆ ನಮ್ಮ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಏಟು ತಿನ್ನುತ್ತಿರಲಿಲ್ಲ.

ಅವರ ಪ್ರಕಾರ 2 ವರ್ಷದವರೆಗೆ ಮಗು ಮುಟ್ಟಿ, ಬಾಯಿಗಿಟ್ಟು ಲೋಕ ತಿಳಿಯುತ್ತದೆ. 2ರಿಂದ 7 ಮಾತು, ಆಟ, ಕಲ್ಪನೆಯ ಕಾಲ. 7ರಿಂದ 11ರವರೆಗೆ ಕಣ್ಣೆದುರಿನ ವಸ್ತು ಹಿಡಿದು ತರ್ಕ ಮಾಡುತ್ತದೆ. ಬರೀ ಊಹೆಯ ಮೇಲೆ ಯೋಚಿಸುವುದು ಅದರ ನಂತರ.

ಹೋದ ವರ್ಷ ತಮ್ಮನ ಮೊಮ್ಮಕ್ಕಳು ಊರಿಗೆ ಬಂದಿದ್ದರು. ಆಲೆಮನೆಗೆ ಕರೆದುಕೊಂಡು ಹೋದೆ. ಹುಡುಗಿಗೆ ನಾಲ್ಕೂವರೆ ವರ್ಷ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಕ್ಕೆ ಕಬ್ಬಿನ ಹಾಲು ಸಮ ಮಾಡಿ ಬಗ್ಗಿಸಿದೆ. 'ಎರಡೂ ಒಂದೇ ಅಲ್ವಾ?' ಅಂದೆ. 'ಹೂಂ ಅಜ್ಜಿ.' ಅವಳ ಕಣ್ಣೆದುರೇ ಒಂದು ಲೋಟದ್ದನ್ನು ಉದ್ದನೆಯ ಸಣ್ಣ ಗಾಜಿನ ಲೋಟಕ್ಕೆ ಸುರಿದೆ. 'ಈಗ?' 'ಉದ್ದದ್ರಲ್ಲಿ ಜಾಸ್ತಿ. ಅದು ನಂಗೆ!' ವಾಪಸ್ ಹಳೇ ಲೋಟಕ್ಕೆ ಸುರಿದರೆ 'ಈಗ ಒಂದೇ' ಅಂದಳು. ಮತ್ತೆ ಗಾಜಿನ ಲೋಟಕ್ಕೆ ಹಾಕಿದರೆ ಮತ್ತೆ ಜಾಸ್ತಿ. ಪಕ್ಕದಲ್ಲಿದ್ದ ಅವಳಣ್ಣನಿಗೆ ಎಂಟು ತುಂಬಿದೆ. 'ಅದೇ ಹಾಲು ಕಣೇ, ಲೋಟ ಸಣ್ಣದೈತೆ ಅಷ್ಟೇಯ' ಅಂತ ನಕ್ಕ. ಅವನಿಗೆ ಇದನ್ನು ಯಾರೂ ಪಾಠ ಮಾಡಿಲ್ಲ. ಅವನು ಎಷ್ಟು ಬಿಡಿಸಿ ಹೇಳಿದರೂ ಅವಳು ಒಪ್ಪಲಿಲ್ಲ.

ಸಂಜೆ ಅವಳ ಬ್ಯಾಗ್ ತೆಗೆದು ನೋಡಿದೆ. ಎಲ್‌ಕೆಜಿ ಪುಸ್ತಕದಲ್ಲಿ ಪುಟದ ತುಂಬ ಕಳೆಯುವ ಲೆಕ್ಕ. ಅಳಿಸಿ ಅಳಿಸಿ ಹಾಳೆ ತೂತಾಗಿದೆ. ಕೆಳಗೆ ಕೆಂಪು ಶಾಯಿಯಲ್ಲಿ 'ಗಮನ ಸಾಲದು' ಅಂತ ಷರಾ. ಪಾತ್ರೆ ಬದಲಾದರೆ ಅಳತೆ ಬದಲಾಗುವುದಿಲ್ಲ ಅನ್ನುವುದೇ ಇನ್ನೂ ಹೊಳೆಯದ ಮಗುವಿಗೆ ಆ ಅಂಕಿಗಳು ಬರೀ ಗೀಚು. ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಅವರಪ್ಪ ಕಟ್ಟುವ ಫೀಸು ಕೇಳಿ ಇನ್ನೂ ಉರಿಯಿತು.

ಬುದ್ಧಿಗಷ್ಟೇ ಅಲ್ಲ, ಮನಸ್ಸಿಗೂ ಹಂತಗಳಿವೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಹುಟ್ಟಿನಿಂದ ಮುಪ್ಪಿನವರೆಗೆ 8 ಹಂತ ಹೇಳಿದರು. ಮೊದಲ ವರ್ಷ ಮಗುವಿಗೆ ಬೇಕಾಗಿರುವುದು ನಂಬಿಕೆ, ಅತ್ತರೆ ಯಾರೋ ಎತ್ತಿಕೊಳ್ಳುತ್ತಾರೆ ಅನ್ನುವ ಧೈರ್ಯ. ಆಮೇಲೆ 'ನಾನೇ ತಿಂತೀನಿ' ಅನ್ನುವ ಹಟ. ಆಗ ಮೈಮೇಲೆಲ್ಲ ಅನ್ನ ಚೆಲ್ಲಿಕೊಳ್ಳಲಿ, ಬಿಡಿ. ಬೈದು ತುತ್ತು ಕಸಿದುಕೊಂಡರೆ ಆ ಕೂಸಿಗೆ ತನ್ನ ಕೈ ಮೇಲೇ ಅನುಮಾನ ಹುಟ್ಟುತ್ತದೆ.

ಎಲ್ಲ ಮಕ್ಕಳೂ ಒಂದೇ ಅಲ್ಲ ಅಂತ ಎದುರಿನವರು ಹೇಳುತ್ತಾರೆ. ಅವರ ಮಾತು ಕೇಳಿದರೆ ನಾಳೆ ತೊಟ್ಟಿಲ ಕೂಸಿಗೂ ಟ್ಯೂಷನ್ ಇಡಬೇಕಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಯಾಕೆ ಮಕ್ಕಳಿಗೆ ಹಿಡಿಸಿತು? ಒಂದು ಮೈಲಿಗಲ್ಲು ದಾಟಿದ ಮೇಲೆಯೇ ಇನ್ನೊಂದು, ಅದಕ್ಕೇ. ನಾನು ಅದರಲ್ಲೇ ಪಾಠ ಮಾಡಿದವಳು. ಎಲ್‌ಕೆಜಿಯಿಂದ ಲೆಕ್ಕದ ಪುಸ್ತಕ ತೆಗೆದುಹಾಕಿ. ಆ ಹೊತ್ತಿನಲ್ಲಿ ಲೋಟ, ನೀರು, ಮರಳು, ಹುಣಸೆಬೀಜ ಕೊಡಿ.

ವಿರೋಧ
ಪಟ್ಟಿ ಬೇರೆ, ಮಗು ಬೇರೆ
(ಮನಶ್ಶಾಸ್ತ್ರ ಉಪನ್ಯಾಸಕ, ಮೈಸೂರು)

ವಿರೋಧದ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದ್ದಾರೆ. ಪಿಯಾಜೆ, ಎರಿಕ್ಸನ್ ಇಬ್ಬರನ್ನೂ ಪಾಠ ಮಾಡುವವನು ನಾನು. ಅವರನ್ನು ಪೂರ್ತಿ ತಳ್ಳಿಹಾಕುವ ಮನಸ್ಸಿಲ್ಲ. ಆದರೆ ಅವರ ಹಂತಗಳನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಂಡು ಮಕ್ಕಳನ್ನು ಅಳೆಯುವುದು ಸರಿಯಲ್ಲ.

ಪಿಯಾಜೆಯ ಪ್ರಯೋಗಗಳಲ್ಲಿ ಕೇಳುವ ರೀತಿಯೇ ಮಗುವನ್ನು ಗೊಂದಲಕ್ಕೆ ಹಾಕುತ್ತದೆ. ದೊಡ್ಡವರು ಏನನ್ನೋ ಕದಲಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಬೇರೆ ಉತ್ತರ ಬೇಕೇನೋ ಅಂತ ಮಗುವಿಗೆ ಅನ್ನಿಸುತ್ತದೆ. 1970ರ ದಶಕದಲ್ಲಿ ಎಡಿನ್‌ಬರೋದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಗಾರರು ಎರಡು ಸಾಲು ಬಿಲ್ಲೆ ಜೋಡಿಸಿ, ಒಂದು ಸಾಲನ್ನು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಆಗ 4ರಿಂದ 6 ವರ್ಷದ ಎಷ್ಟೋ ಮಕ್ಕಳು 'ಎರಡೂ ಸಾಲು ಸಮ' ಅಂತ ಸರಿಯಾಗಿಯೇ ಹೇಳಿದರು.

1985ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದಿದೆ. ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳು ಬಾಯಿಲೆಕ್ಕದಲ್ಲಿ ನೂರಕ್ಕೆ 98 ಪಾಲು ಸರಿ. ಅಂಥದೇ ಲೆಕ್ಕವನ್ನು ಬರೀ ಅಂಕಿಯಲ್ಲಿ ಕೊಟ್ಟಾಗ ಅದೇ ಮಕ್ಕಳು 37ಕ್ಕೆ ಇಳಿದರು. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಅಪ್ಪನ ಪಕ್ಕ ಕೂತು ಮಲ್ಲಿಗೆ ಮೊಳ ಹಾಕುವ ಮಗು ಚಿಲ್ಲರೆ ಎಣಿಸುವುದನ್ನು ನೋಡಿ. ವಯಸ್ಸು ಒಂದೇ ಎಲ್ಲ ತೀರ್ಮಾನಿಸುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಹೇಳಿದಂತೆ, ಇವತ್ತು ದೊಡ್ಡವರ ಸಹಾಯದಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ. ನಲಿ-ಕಲಿಯ ಏಣಿಯಲ್ಲೂ ಮಗು ತನ್ನ ವೇಗಕ್ಕೆ ಹತ್ತುತ್ತದೆ, ಹುಟ್ಟಿದ ತಾರೀಖಿಗೆ ಅಲ್ಲ.

ದೊಡ್ಡವರ ವಿಷಯದಲ್ಲಂತೂ ಪಟ್ಟಿ ಇನ್ನೂ ಸಡಿಲ. 'ನಾನು ಯಾರು' ಅನ್ನುವ ಹುಡುಕಾಟವನ್ನು ಎರಿಕ್ಸನ್ ಹದಿಹರೆಯಕ್ಕೆ ಇಟ್ಟರು. ನನ್ನ ಅಕ್ಕ 13ಕ್ಕೇ ಮನೆ ಹೊತ್ತವಳು. ಅವಳಿಗೆ ಹಾಗೆ ಕೇಳಿಕೊಳ್ಳಲು ಪುರುಸೊತ್ತು ಸಿಕ್ಕಿದ್ದು ಮಕ್ಕಳ ಮದುವೆ ಆದ ಮೇಲೆ.

ಎಲ್‌ಕೆಜಿ ಮಗುವಿನ ಮೇಲೆ ಲೆಕ್ಕ ಹೇರುವುದನ್ನು ನಾನೂ ಒಪ್ಪುವುದಿಲ್ಲ. ನನಗೆ ಭಯ ಇರುವುದು 'ಕಾಲ ಬಂದಾಗ ತಾನಾಗೇ ಬರುತ್ತೆ' ಅಂತ ಸುಮ್ನೆ ಕೂರುವವರ ಬಗ್ಗೆ. 2 ವರ್ಷ ತುಂಬಿದರೂ ಎರಡು ಪದ ಕೂಡಿಸಿ ಆಡದ ಮಗುವನ್ನು ಕಾಯಿಸಬೇಡಿ. ಇಲ್ಲಿ ವಯಸ್ಸಿನ ಲೆಕ್ಕ ಬೇಕು ಅನ್ನುವುದು ನಿಜ, ಆದರೆ ಕಾಯುವುದಕ್ಕಲ್ಲ, ಎದ್ದು ಹೊರಡುವುದಕ್ಕೆ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮಂಡ್ಯದಿಂದ ಬಸ್ಸಿಗೂ ಕೊರತೆಯಿಲ್ಲ.