ದಾರಿ ತಪ್ಪಿದ ಸಮಾಜ ಮಿಸ್

ನಮಸ್ಕಾರ. ನಾನು ಹೊಸ ಸಮಾಜ ಮಿಸ್. ಕೆಲಸಕ್ಕೆ ಸೇರಿ ಮೂರು ವಾರ ಆಯಿತು, ಆದರೂ ಹೊಸಬಳೇ, ಯಾಕೆಂದರೆ ಮಕ್ಕಳಿಗೆ ನನ್ನ ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು 'ಸಮಾಜ ಇದ್ದಾರಾ?' ಅಂತ ಕೇಳುತ್ತಾರೆ. ಮೊದಲ ಸಲ ಕೇಳಿದಾಗ ಇಡೀ ಸಮಾಜದ ಹೊಣೆ ನನ್ನ ತಲೆ ಮೇಲೆ ಬಿದ್ದಂತಾಗಿತ್ತು.

ಆರು, ಎಂಟು, ಒಂಬತ್ತು, ಈ ಮೂರು ಕ್ಲಾಸು ನನ್ನವು. ಇತಿಹಾಸ, ಭೂಗೋಳ, ಪೌರನೀತಿ ಎಲ್ಲವೂ ನಾನೇ. ಸಮಾಜ ಅಂದರೆ ಬರೀ ಬಾಯಿಪಾಠ ಅಂತ ಮಕ್ಕಳು ಅಂದುಕೊಂಡಿರುತ್ತಾರಲ್ಲ, ಅದನ್ನು ಬದಲಾಯಿಸಿಯೇ ಬಿಡುತ್ತೇನೆ ಅಂತ ಬಂದವಳು. ಮೊದಲ ದಿನಕ್ಕೆ ಅಂತಲೇ ಒಂದು ಭಾಷಣ ರೆಡಿ ಮಾಡಿ, ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದೆ.

ಭಾಷಣ ಚೆನ್ನಾಗಿಯೇ ಆಯಿತು. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಪ್ರಶ್ನೆ ಕೇಳಿ ಅಂದರೆ ಒಬ್ಬರ ಹಿಂದೆ ಒಬ್ಬರು ಕೇಳಿದರು. ನಾನು ಓದಿದ್ದು ಏನು, ಗಣಿತ ಯಾಕೆ ತಗೊಳ್ಳಲಿಲ್ಲ, ಚಿಕ್ಕವಳಿದ್ದಾಗ ಭೂಪಟ ಬಿಡಿಸುತ್ತಿದ್ದೆನಾ, ಎಲ್ಲ ವಿಚಾರಿಸಿದರು. ಎಂಥ ಆಸಕ್ತಿ ಅಂತ ನನಗೆ ಗಂಟಲು ಕಟ್ಟಿತು. 'ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಭೂಮಿ ಮೇಲೆ ಎಲ್ಲಿದ್ದರೂ ದಾರಿ ತಪ್ಪಲ್ಲ ಮಕ್ಳೇ' ಎಂಬ ಸಾಲಿಗೆ ಬಂದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಗಣಿತದ ಸರ್. ಕೈಯಲ್ಲಿ ಪ್ರಶ್ನೆ ಪತ್ರಿಕೆಯ ಕಟ್ಟು. 'ಮೇಡಂ, ಇವರಿಗೆ ಈಗ ಟೆಸ್ಟ್ ಇತ್ತು' ಅಂದರು. ನಾನು ಎಂಟನೇ ಕ್ಲಾಸಿಗೆ ಅಂತ ಹೊರಟವಳು ಒಂದು ಮಹಡಿ ಜಾಸ್ತಿ ಹತ್ತಿ ಒಂಬತ್ತಕ್ಕೆ ಬಂದಿದ್ದೆ. ಇಪ್ಪತ್ತು ನಿಮಿಷದಲ್ಲಿ ಒಂದು ಮಗುವೂ ಬಾಯಿ ಬಿಡಲಿಲ್ಲ. ಯಾಕೆ ಬಿಡುತ್ತಾರೆ ಹೇಳಿ? ಮಧ್ಯಾಹ್ನ ನನ್ನದೇ ಪೀರಿಯಡ್ಡಿಗೆ ಅದೇ ಒಂಬತ್ತಕ್ಕೆ ಹೋದೆ. ಹೇಳಲು ಏನೂ ಉಳಿದಿರಲಿಲ್ಲ.

ಆರನೆಯವರದ್ದು ಬೇರೆ ಕಥೆ. ಅವರಿಗೆ ಪ್ರಪಂಚದ ನಕ್ಷೆ ತೋರಿಸೋಣ ಅಂತ ಬೀರುವಿನ ಮೇಲಿದ್ದ ದೊಡ್ಡ ಸುರುಳಿ ಇಳಿಸಿ ತಂದೆ. ಗೋಡೆಗೆ ನೇತುಹಾಕಿ ಕೆಳಗಿನ ಕೋಲು ಬಿಟ್ಟೆ ನೋಡಿ, ಮೊಳೆ ಸಮೇತ ಇಡೀ ಪ್ರಪಂಚ ನನ್ನ ತಲೆ ಮೇಲೆ ಬಂತು. ಧೂಳಿಗೆ ಸೀನು ಬೇರೆ. ಕೊನೆಗೆ ಉದ್ದ ಇದ್ದ ಇಬ್ಬರು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ, ಆ ಕಡೆ ಈ ಕಡೆ ಹಿಡಿಸಿದೆ. ಅವರ ಕೈ ಸೋತ ಹಾಗೆಲ್ಲ ಸಮಭಾಜಕ ವೃತ್ತ ಓರೆಯಾಗುತ್ತಿತ್ತು.

'ಮಿಸ್, ಇದರಲ್ಲಿ ರಷ್ಯಾ ಇಲ್ಲ' ಅಂದಳು ಮುಂದಿನ ಬೆಂಚಿನವಳು. ನೋಡಿದರೆ ಅದು ಸೋವಿಯತ್ ಒಕ್ಕೂಟ ಇದ್ದ ಕಾಲದ ನಕ್ಷೆ! ಆ ಒಕ್ಕೂಟ 1991ರಲ್ಲೇ ಒಡೆದು 15 ದೇಶ ಆಯಿತು ಅಂದೆ. ಅಷ್ಟರಲ್ಲಿ ಇನ್ನೊಬ್ಬ ಜೆಕೊಸ್ಲೊವಾಕಿಯಾ ಹುಡುಕಿದ. ಅದೂ 1993ರಲ್ಲಿ ಎರಡಾಯಿತಪ್ಪ ಅಂದೆ. 2011ರಲ್ಲಿ ಹುಟ್ಟಿದ ದಕ್ಷಿಣ ಸುಡಾನ್ ಇದರಲ್ಲಿ ಇರುವ ಮಾತೇ ಇಲ್ಲ. 'ಹಾಗಾದ್ರೆ ಇದರಲ್ಲಿ ಸರಿ ಇರೋದು ಯಾವುದು ಮಿಸ್?' ಅಂದರು. ಸಮುದ್ರ ಅಂದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಗ್ರೀನ್‌ಲ್ಯಾಂಡೂ ಆಫ್ರಿಕಾನೂ ಒಂದೇ ಸೈಜು ಅಂತ ಯಾರೋ ಅಂದದ್ದಕ್ಕೆ, ಇಲ್ಲ, ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು ಅಂದುಬಿಟ್ಟೆ. ಮರ್ಕೇಟರ್ ಎನ್ನುವವರು 1569ರಲ್ಲಿ ಹಡಗಿನವರಿಗೆ ಅನುಕೂಲ ಆಗಲಿ ಅಂತ ಇಂಥ ನಕ್ಷೆ ಮಾಡಿದರು, ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವ ದಾರಿ ಇದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ, ಅದಕ್ಕೆ ಬದಲಾಗಿ ಧ್ರುವದ ಹತ್ತಿರದ ಜಾಗವೆಲ್ಲ ಹಿಗ್ಗಿಬಿಡುತ್ತದೆ ಅಂತ ವಿವರಿಸಿದೆ. ಮಕ್ಕಳು ನಕ್ಷೆಯನ್ನೂ ನನ್ನನ್ನೂ ಒಂದೇ ಥರ ಅನುಮಾನದಿಂದ ನೋಡಿದರು. ಆಮೇಲೆ ಶಾಲೆಯ ನಕ್ಷೆ ಬರೆದು ತನ್ನಿ ಅಂತ ಹೋಮ್‌ವರ್ಕ್ ಕೊಟ್ಟೆ. ಒಬ್ಬಳು ಸ್ಟಾಫ್ ರೂಮಿನಿಂದ ಎಂಟನೇ ಕ್ಲಾಸಿನವರೆಗೆ ಕೆಂಪು ಚುಕ್ಕಿ ಇಟ್ಟು, 'ಮಿಸ್ ಹೋಗುವ ದಾರಿ' ಅಂತ ಬರೆದಿದ್ದಳು. ಸುದ್ದಿ ಆರನೇ ಕ್ಲಾಸಿಗೂ ಮುಟ್ಟಿದೆ ಅಂತ ಗೊತ್ತಾದದ್ದು ಆಗಲೇ.

ಎಂಟನೆಯವರಿಗೆ ಚುನಾವಣೆಯ ಪಾಠ. ಸುಮ್ನೆ ಪುಸ್ತಕ ಓದುವುದಕ್ಕಿಂತ ಕ್ಲಾಸ್ ಲೀಡರ್ ಆಯ್ಕೆಯನ್ನೇ ಗುಪ್ತ ಮತದಾನದಲ್ಲಿ ಮಾಡೋಣ ಅಂದೆ. ಹಿಂದೆ ಎಷ್ಟೋ ಕಡೆ ಎಲ್ಲರ ಎದುರು ಹೆಸರು ಕೂಗಿಯೇ ಮತ ಹಾಕಬೇಕಿತ್ತು, 1856ರಲ್ಲಿ ಆಸ್ಟ್ರೇಲಿಯಾದ ವಸಾಹತುಗಳು ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ ಕೊಟ್ಟು ಗುಟ್ಟಾಗಿ ಮತ ಹಾಕಿಸಿದವು ಅಂತ ಪೀಠಿಕೆ ಹಾಕಿದೆ. ನಮ್ಮ ಮತಪತ್ರ ರಫ್ ನೋಟ್‌ಬುಕ್ಕಿನ ಹಾಳೆ, ಪೆಟ್ಟಿಗೆ ಯಾರದೋ ಶೂ ಡಬ್ಬ. ಯಾರು ನಿಲ್ಲುತ್ತೀರಿ ಅಂದರೆ ಒಬ್ಬರೂ ಏಳಲಿಲ್ಲ. ಸರಿ, ಕ್ಲಾಸಿನಲ್ಲಿ ಯಾರ ಹೆಸರನ್ನಾದರೂ ಬರೀರಿ ಅಂದೆ. ಅಲ್ಲೇ ಎಡವಿದ್ದು. ಬಿದ್ದ 35 ಮತದಲ್ಲಿ 22 ಒಬ್ಬನಿಗೇ, ಅದೂ ಜ್ವರ ಬಂದು ಅವತ್ತು ರಜೆ ಹಾಕಿದವನಿಗೆ. ಯಾಕ್ರೋ ಅಂದೆ. 'ಇದ್ದವರು ಬೇಡ ಅಂತಾರೆ ಮಿಸ್, ಅವನು ಅನ್ನೋಕಾಗಲ್ಲ ಅಲ್ವಾ' ಅಂದರು. ಒಂದು ಮತ ನನಗೂ ಬಿದ್ದಿತ್ತು. ಅಕ್ಷರ ನೋಡಿದರೆ ಯಾರದು ಅಂತ ಗೊತ್ತಾಗುತ್ತಿತ್ತು, ಆದರೆ ಗುಪ್ತ ಮತದಾನ ಅಂತ ನಾನೇ ತಾನೇ ಹೇಳಿದ್ದು, ಮಡಚಿ ಇಟ್ಟೆ. ಎರಡು ದಿನ ಬಿಟ್ಟು ಬಂದ ಹುಡುಗ ವಿಷಯ ಕೇಳಿ ಮತ್ತೆ ಜ್ವರ ಬಂದವನಂತೆ ಕೂತ.

ಇನ್ನು ಒಂಬತ್ತು. ಮೊದಲ ದಿನ ನಾನು ಕೆಡಿಸಿದ ಟೆಸ್ಟಿನ ಋಣ ಇದೆಯಲ್ಲ, ನನ್ನ ಮೇಲೆ ಪ್ರೀತಿ ಜಾಸ್ತಿ. ಅಕ್ಟೋಬರ್ ಕ್ರಾಂತಿ ನಡೆದದ್ದು 1917ರ ನವೆಂಬರ್ 7ಕ್ಕೆ ಅಂದ ಕೂಡಲೇ ಇಡೀ ಕ್ಲಾಸು ತಲೆ ಎತ್ತಿತು. ರಷ್ಯಾದಲ್ಲಿ ಆಗಿನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು, ಅದು 13 ದಿನ ಹಿಂದೆ, ಅವರ ಲೆಕ್ಕದಲ್ಲಿ ಅವತ್ತು ಅಕ್ಟೋಬರ್ 25 ಅಂತ ಬೋರ್ಡಿನ ಮೇಲೆ ಕಳೆದು ತೋರಿಸಿದೆ. ಖುಷಿಯಲ್ಲಿ, ನೂರು ವರ್ಷಗಳ ಯುದ್ಧ ನಡೆದದ್ದು 1337ರಿಂದ 1453ರವರೆಗೆ, ಅಂದರೆ 116 ವರ್ಷ ಅಂತಲೂ ಸೇರಿಸಿದೆ. 'ಮಿಸ್, ಸಮಾಜದಲ್ಲಿ ಲೆಕ್ಕ ಯಾರೂ ನೋಡಲ್ವಾ?' ಅಂತ ಹಿಂದಿನಿಂದ ಬಂತು. ಪಕ್ಕದ ಕ್ಲಾಸಿನಲ್ಲಿದ್ದ ಗಣಿತದ ಸರ್‌ಗೆ ಕೇಳಿಸಿತೋ ಏನೋ.

ಮೊನ್ನೆ ಅವರ ನೋಟ್ಸ್ ಕೊಡಲು ಕೊನೆಯ ದಿನ. ಎಲ್ಲರದ್ದೂ ಬಂತು, ಕೊನೆಯ ಬೆಂಚಿನ ಒಬ್ಬನದ್ದು ಬಿಟ್ಟು. ಎಲ್ಲಪ್ಪ ಅಂದೆ. ಎದ್ದು ನಿಂತು, ತುಂಬ ವಿನಯದಿಂದ, 'ನಾವಿನ್ನೂ ಹಳೇ ಕ್ಯಾಲೆಂಡರಲ್ಲೇ ಇದ್ದೀವಿ ಮಿಸ್' ಅಂದ.