ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಎಲೆಕ್ಟ್ರಿಕಲ್ ಕೆಲಸ ಹಿಡಿಯಬಹುದಾ?

ಪರ: ಕಸುಬು ಗೊತ್ತಿದ್ದವರು ಹೊರಗೆ ಬರಲಿ

ಪೀಣ್ಯದ ಕಾರ್ಖಾನೆಗಳಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಕಂಪನಿಯ ನೌಕರರೇ ಅಲ್ಲ. ಲೇಬರ್ ಕಾಂಟ್ರಾಕ್ಟರ್ ಕಡೆಯಿಂದ ಬಂದವರು. ಆರ್ಡರ್ ಕಡಿಮೆಯಾದರೆ ಮೊದಲು ಮನೆಗೆ ಹೋಗುವವರು ಅವರೇ. ಇದನ್ನು ಕಾಯಂ ಕೆಲಸ ಅಂತ ನಂಬಿ ಕೂರುವುದು ಹೇಗೆ?

ನಾನೂ ಎರಡು ವರ್ಷದ ಐಟಿಐ ಮುಗಿಸಿ ಅಲ್ಲಿಗೇ ಸೇರಿದವನು. ದಿನಾ ಅದೇ ಪ್ಯಾನೆಲ್, ಅದೇ ಮೋಟಾರು. ಕೆಲಸ ಕಲಿತಷ್ಟು ಸಂಬಳ ಏರಲಿಲ್ಲ. ಈಗ ಒಂದು ಮನೆ ವೈರಿಂಗ್ ಹಿಡಿದರೆ, ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ಮುಂಚೆ ವೈರ್ ಹೋಗುವ ಪೈಪ್ ಕಟ್ಟುವುದರಿಂದ ಹಿಡಿದು ಮೀಟರ್ ಬೋರ್ಡ್‌ವರೆಗೆ ಎಲ್ಲ ನನ್ನ ಹೊಣೆ. ಲೈಟಿಗೆ 1.5 ಸ್ಕ್ವೇರ್ ಎಂಎಂ ವೈರ್, ಪವರ್ ಪಾಯಿಂಟಿಗೆ 2.5, ಗೀಸರ್‌ಗೆ 4. ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಅಂತ ಮನೆಯವರಿಗೆ ಎದುರು ಕೂತು ಹೇಳುತ್ತೇನೆ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್, ಅಂದರೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಬೇಡ ಅಂದವರ ಕೆಲಸ ನಾನು ಒಪ್ಪುವುದಿಲ್ಲ. ಕಂಪನಿಯಲ್ಲಿ ಹೀಗೆ ‘ಆಗಲ್ಲ’ ಅನ್ನುವ ಹಕ್ಕು ನನಗಿರಲಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸುಮ್ನೆ ಟೆಸ್ಟರ್, ಕಟಿಂಗ್ ಪ್ಲೇಯರ್ ಹಿಡಿದು ಬರಬೇಡಿ. ಹೊಸ ಮೀಟರ್‌ಗೆ ಬೆಸ್ಕಾಂನಲ್ಲಿ ಅರ್ಜಿ ಹಾಕಲು ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು. ಲೈಸೆನ್ಸ್ ಇಲ್ಲದವರು ಕೊನೆಯವರೆಗೂ ಇನ್ನೊಬ್ಬರ ಸಹಿಗೆ ದುಡ್ಡು ಕೊಡುತ್ತಲೇ ಇರಬೇಕು. ಕೆಲಸದಲ್ಲಿ ಇರುವಾಗಲೇ ವೈರ್‌ಮನ್ ಪರ್ಮಿಟ್ (ವೈರಿಂಗ್ ಕೆಲಸಕ್ಕೆ ಸರ್ಕಾರ ಕೊಡುವ ಅನುಮತಿ ಪತ್ರ) ಮಾಡಿಸಿಕೊಳ್ಳಿ, ಆಮೇಲೆ ಮುಂದಿನದು.

ಕೆಲಸಕ್ಕಂತೂ ಬರವಿಲ್ಲ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವಾಟ್ ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ. ಆರ್ಡರ್ ಹಿಡಿಯುವುದು ಕಂಪನಿಗಳು ಇರಬಹುದು, ಆದರೆ ತಾರಸಿಯಿಂದ ಕೇಬಲ್ ಇಳಿಸಿ ಅರ್ಥಿಂಗ್ ಮಾಡಲು ಊರಿನ ಎಲೆಕ್ಟ್ರಿಷಿಯನ್ನೇ ಬೇಕು. ಕಾರು, ಸ್ಕೂಟರ್ ಚಾರ್ಜರ್‌ಗೆ ಬೇರೆ ಲೈನ್ ಎಳೆಸುವವರೂ ಜಾಸ್ತಿಯಾಗಿದ್ದಾರೆ. ಒಮ್ಮೆ ಸರಿಯಾಗಿ ಕೆಲಸ ಮಾಡಿಕೊಟ್ಟರೆ ಆ ಬೀದಿಯವರೆಲ್ಲ ನಿಮ್ಮ ನಂಬರ್ ಇಟ್ಟುಕೊಳ್ಳುತ್ತಾರೆ. ಆ ನಂಬಿಕೆ ಯಾವ ಕಾಂಟ್ರಾಕ್ಟರ್ ಪಾಲಿಗೂ ಹೋಗುವುದಿಲ್ಲ.

ವಿರೋಧ: ಸಂಬಳದ ಜೊತೆ ಬರುವುದನ್ನೂ ಲೆಕ್ಕ ಹಾಕಿ

ನಮ್ಮ ಮನೆಯವರು ಕೆಲಸ ಬಿಟ್ಟು ಸ್ವಂತ ಶುರು ಮಾಡಿದಾಗಿನಿಂದ ಲೆಕ್ಕದ ಪುಸ್ತಕ ಬರೆಯುವವಳು ನಾನು. ದುಡಿದದ್ದೆಷ್ಟು, ಕೈಗೆ ಬಂದದ್ದೆಷ್ಟು, ಎರಡೂ ನನಗೆ ಗೊತ್ತು.

ಮನೆ ವೈರಿಂಗ್ ರೇಟು ಮಾತಾಡುವುದು ಪಾಯಿಂಟ್ ಲೆಕ್ಕದಲ್ಲಿ (ಲೈಟು, ಫ್ಯಾನು, ಸಾಕೆಟ್ ಒಂದೊಂದೂ ಒಂದು ಪಾಯಿಂಟ್), ಇಲ್ಲವೇ ಚದರಡಿ ಲೆಕ್ಕದಲ್ಲಿ. ಪೈಪ್ ಹಾಕಿದಾಗ ಸ್ವಲ್ಪ, ವೈರ್ ಎಳೆದಾಗ ಸ್ವಲ್ಪ, ಸ್ವಿಚ್ ಕೂರಿಸಿದ ಮೇಲೆ ಉಳಿದದ್ದು. ಸಿಕ್ಕಿಹಾಕಿಕೊಳ್ಳುವುದು ಈ ಕೊನೆಯ ಕಂತೇ. ಗೃಹಪ್ರವೇಶಕ್ಕೆ ಲೈಟ್ ಉರಿಯಲೇಬೇಕು ಅಂತ ರಾತ್ರಿಯೆಲ್ಲ ಕೆಲಸ ಮಾಡಿಸುತ್ತಾರೆ, ಮರುದಿನ ಊಟಕ್ಕೂ ಕರೆಯುತ್ತಾರೆ. ಬಾಕಿ ಕೇಳಿದರೆ, “ಇಂಟೀರಿಯರ್‌ಗೆ ಜಾಸ್ತಿ ಆಯ್ತಮ್ಮ, ಮುಂದಿನ ತಿಂಗಳು ನೋಡೋಣ.” ಅಂಗಡಿಯ ಸಾಲ, ಹೆಲ್ಪರ್ ಹುಡುಗನ ದಿನಗೂಲಿ ಮುಂದಿನ ತಿಂಗಳವರೆಗೆ ಕಾಯುವುದಿಲ್ಲ. ರೇಟು ಒಪ್ಪಿಕೊಂಡ ಮೇಲೆ ತಾಮ್ರದ ಬೆಲೆ ಏರಿದರೆ ಅದೂ ನಮ್ಮ ತಲೆ ಮೇಲೆ. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಹೊಸ ಮನೆ ಕೆಲಸ ಶುರು ಮಾಡುವವರೂ ಕಡಿಮೆ. ಶಾಲೆ ಫೀಸು ಕಟ್ಟುವ ಕಾಲವೂ ಹೆಚ್ಚು ಕಡಿಮೆ ಅದೇ.

ಪಿಎಫ್‌ಗೆ ಕಂಪನಿ ತನ್ನ ಪಾಲು ಶೇ 12 ಹಾಕುತ್ತಿತ್ತು. ಹತ್ತು ವರ್ಷದ ಸರ್ವೀಸ್ ಇಲ್ಲದಿದ್ದರೆ ತಿಂಗಳ ಪಿಂಚಣಿಯ ಹಕ್ಕು ಬರುವುದಿಲ್ಲ. ಎಂಟನೇ ವರ್ಷದಲ್ಲೋ ಒಂಬತ್ತನೇ ವರ್ಷದಲ್ಲೋ ಬಿಡಲು ಹೊರಟವರು ಇದನ್ನು ನೋಡಿಕೊಳ್ಳಬೇಕು. ಬ್ಯಾಂಕ್ ಸಾಲಕ್ಕೆ ಹೋದರೆ ಪೇ ಸ್ಲಿಪ್ ಬದಲು ಐಟಿ ರಿಟರ್ನ್ಸ್ ಕೇಳುತ್ತಾರೆ.

ನನಗೆ ದುಡ್ಡಿಗಿಂತ ದೊಡ್ಡ ಭಯ ಇನ್ನೊಂದಿದೆ. ಒಳ್ಳೆಯ ಕಾರ್ಖಾನೆಯಲ್ಲಿ ಲೈನ್ ಆಫ್ ಮಾಡಿ, ಸ್ವಿಚ್‌ಗೆ ಬೀಗ ಹಾಕಿ, ‘ಆನ್ ಮಾಡಬೇಡಿ’ ಅನ್ನುವ ಬೋರ್ಡ್ ತೂಗುಹಾಕಿ ಆಮೇಲೆ ಕೈ ಹಾಕುತ್ತಾರೆ. ಜೊತೆಗೆ ಇನ್ನೊಬ್ಬರು ಇರುತ್ತಾರೆ. ಮನೆಗಳಲ್ಲಿ ಏಣಿ ಮೇಲೆ ಒಬ್ಬರೇ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುತ್ತದೆ. ಯಾರೋ ಹಿಂದೆ ನ್ಯೂಟ್ರಲ್ ಎಲ್ಲೆಲ್ಲಿಂದ ಜೋಡಿಸಿದ್ದಾರೋ ಹೊರಗಿನಿಂದ ತಿಳಿಯುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇದೆ. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತರೆ ಸಂಬಳದ ಶೇ 90ರಷ್ಟು ಅಲ್ಲಿಂದ ಬರುತ್ತದೆ, ಮನೆಮಂದಿಗೆಲ್ಲ ಔಷಧಿಯೂ ಸಿಗುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಎಲೆಕ್ಟ್ರಿಷಿಯನ್‌ಗಳೂ ಹೆಸರು ಬರೆಸಬಹುದು, ನಾವೂ ಬರೆಸಿದ್ದೇವೆ. ಆದರೆ ಇಎಸ್‌ಐ ಕೊಡುವಷ್ಟು ಆಸರೆ ಅದರಲ್ಲಿ ಇಲ್ಲ. ಇವರ ಕೈ ಸುಟ್ಟಾಗ ಆಸ್ಪತ್ರೆ ಬಿಲ್ಲು ಕಟ್ಟಿದವರು ನಾವೇ, ನಿಂತ ಕೆಲಸದ ನಷ್ಟವೂ ನಮ್ಮದೇ.

ನನ್ನ ತಮ್ಮನೂ ವೈರ್‌ಮನ್. ಮಕ್ಕಳ ಓದು ಮುಗಿಯುವವರೆಗೆ ಕಂಪನಿ ಬಿಡಬೇಡ, ಹೊರಗಿನ ಕೆಲಸ ಭಾನುವಾರಕ್ಕೆ ಇಟ್ಟುಕೋ ಅಂತ ಅವನಿಗೆ ಹೇಳಿದ್ದೇನೆ.