ಎಲಿಫೆಂಟಾಗೆ ಗೈಡ್ ಬೇಕೇ ಬೇಕು

ಹಳೆಯ ಗುಹಾ ದೇವಾಲಯಗಳಿರುವ ಮುಂಬೈನ ಎಲಿಫೆಂಟಾ ದ್ವೀಪಕ್ಕೆ ಗೈಡ್ ಬೇಡ, ಎರಡು ಗಂಟೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆ ಇಲ್ಲ. ಮೊದಲ ಸಲ ನಾನೂ ಹಾಗೇ ಹೋಗಿದ್ದೆ. ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಗೇ ಸುಮಾರು ಒಂದು ಗಂಟೆ, ಆಮೇಲೆ ನೂರಕ್ಕೂ ಜಾಸ್ತಿ ಮೆಟ್ಟಿಲು. ಗುಹೆಯೊಳಗಿನ ಮೂರು ಮುಖದ ದೊಡ್ಡ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಂಡು ಇಳಿದುಬಂದೆ. ಅದು ಬ್ರಹ್ಮ, ವಿಷ್ಣು, ಮಹೇಶ್ವರ ಅಂತಲೇ ನಂಬಿದ್ದೆ.

ಎರಡನೇ ಸಲ ಅಮ್ಮನ ಜೊತೆ ಹೋದಾಗ ಗೈಡ್ ಇದ್ದರು. ಮೂರೂ ಮುಖ ಶಿವನದೇ, ಇದು ಸದಾಶಿವ ಅಂತ ತೋರಿಸಿಕೊಟ್ಟರು. ನಮ್ಮ ಎಡಕ್ಕೆ ಉಗ್ರ ಅಘೋರ, ಬಲಕ್ಕೆ ಕೈಯಲ್ಲಿ ಹೂ ಹಿಡಿದ ಸೌಮ್ಯ ವಾಮದೇವ. ಅಮ್ಮ ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟಳು.

ದ್ವೀಪದ ಸ್ಥಳೀಯ ಹೆಸರು ಘಾರಾಪುರಿ. ಇಮ್ಮಡಿ ಪುಲಿಕೇಶಿ ಹಡಗುಗಳಲ್ಲಿ ಹೋಗಿ ಮುತ್ತಿದ ಪುರಿ ಅಂತ 634ರ ಐಹೊಳೆ ಶಾಸನ ಹೇಳುತ್ತದಲ್ಲ, ಅದು ಇದೇ ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಅಂಥ ಜಾಗಕ್ಕೆ ನಮ್ಮ ಕನ್ನಡಿಗರು ಇಷ್ಟು ದೂರ ಹೋಗಿ ಸುಮ್ನೆ ಸುತ್ತಾಡಿ ಬಂದರೆ ಬೇಜಾರಾಗುತ್ತದೆ, ಅಲ್ವಾ?

ಇನ್ನೊಂದು, ಸೋಮವಾರ ಗುಹೆಗಳಿಗೆ ರಜೆ. ದಯವಿಟ್ಟು ಅದನ್ನು ಲೇಖನಕ್ಕೆ ಸೇರಿಸಿ.